ನೋವಿಗೊಂದು ಅಂಕೆ

ಕನ್ನಡದಲ್ಲಿ ‘ಅಂಕೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಲೆಕ್ಕದಲ್ಲಿ ಬರುವ ಒಂದು, ಎರಡು, ಮೂರು ಅಂಕೆಗಳು, ಹತೋಟಿಯೂ ಅಂಕೆಯೇ. ಈ ಎರಡು ಅರ್ಥಗಳೂ ಒಂದೆಡೆ ಸೇರುವ ವಿಚಿತ್ರವಾದ ಕ್ಷೇತ್ರವೊಂದು ಇಂದಿನ ಅಮೆರಿಕದ ವೈದ್ಯಜಗತ್ತಿನಲ್ಲಿದೆ. ಅಲ್ಲಿ ಅಂಕೆ ಮೀರಿದ ಸ್ನಾಯುವನ್ನು ಸೂಜಿಮದ್ದಿನಿಂದ ಅಂಕೆಗೆ ತರುತ್ತಾರೆ. ಆದರೆ ಆ ಮದ್ದು ರೋಗಿಗೆ ದೊರೆಯಬೇಕಾದರೆ ಅವನ ಬೇನೆಯೆಲ್ಲವೂ ಮೊದಲು ಕೆಲವು ಅಂಕೆಗಳಾಗಿ ಮಾರ್ಪಡಬೇಕು. ಅಂಕೆ ತಪ್ಪಿದರೆ ವಿಮೆಯ ಹಣ ಬರುವುದಿಲ್ಲ. ಹಣ ಬಾರದಿದ್ದರೆ ಮುಂದಿನ ಸೂಜಿ ತಡವಾಗುತ್ತದೆ. ಸೂಜಿ ತಡವಾದರೆ ಸ್ನಾಯು ಮತ್ತೆ ತನ್ನ ಹಳೆಯ ಚಾಳಿಗೆ ಮರಳುತ್ತದೆ.

ಆಸ್ಪತ್ರೆಯ ಲೆಕ್ಕಪತ್ರದ ಈ ಸಂಗತಿ ಸಾಹಿತ್ಯದ ಪುಟಕ್ಕೇಕೆ ಎಂದು ವಾಚಕರು ಕೇಳಬಹುದು. ಒಬ್ಬ ಮನುಷ್ಯನ ಕುತ್ತಿಗೆ ನೆಟ್ಟಗೆ ನಿಲ್ಲುವುದೋ ಇಲ್ಲವೋ ಎಂಬುದು ಯಾರೋ ಬರೆದಿಟ್ಟ ನಾಲ್ಕು ಸಾಲನ್ನು ಅವಲಂಬಿಸಿದ್ದರೆ, ಅದು ಬರವಣಿಗೆಗೆ ಸಂಬಂಧಿಸಿದ ಸಂಗತಿಯೇ ಹೌದು. ಅಲ್ಲದೆ, ಈ ಕಥೆಯ ಮೊದಲ ಪುಟದಲ್ಲಿ ಇರುವವನು ಒಬ್ಬ ಕವಿ.

ಯುಸ್ಟಿನಸ್ ಕೆರ್ನರ್ (೧೭೮೬–೧೮೬೨) ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯವನು. ರಮ್ಯ ಪಂಥದ ಕವಿ, ಕಸುಬಿನಲ್ಲಿ ವೈದ್ಯ. ಆ ಸೀಮೆಯಲ್ಲಿ ಕರುಳಿನ ಚೀಲದೊಳಗೆ ಮಾಂಸ ರಕ್ತಗಳನ್ನು ತುಂಬಿ ಹೊಗೆಗೊಡ್ಡಿದ ಸಾಸೇಜುಗಳನ್ನು ತಿಂದು ಜನ ಸಾಯುತ್ತಿದ್ದರು. ಸಾಯುವವರ ಬುದ್ಧಿ ಕೊನೆಯ ತನಕ ತಿಳಿಯಾಗಿಯೇ ಇರುತ್ತಿತ್ತು. ಆದರೆ ರೆಪ್ಪೆ ಜೋತುಬೀಳುವುದು, ಬಾಯಿ ಒಣಗುವುದು, ನುಂಗಲಾಗದಿರುವುದು, ಕಡೆಗೆ ಉಸಿರಾಟದ ಸ್ನಾಯುಗಳೇ ಸೋತುಹೋಗುವುದು. ಕೆರ್ನರ್ ೧೮೨೦ರಲ್ಲಿ ಇಂತಹ ರೋಗಿಗಳ ಕುರಿತು ಒಂದು ಗ್ರಂಥವನ್ನೂ, ೧೮೨೨ರಲ್ಲಿ ೧೫೫ ಮಂದಿಯ ವೃತ್ತಾಂತಗಳನ್ನು ಒಳಗೊಂಡ ಇನ್ನೊಂದನ್ನೂ ಬರೆದನು. ವಿಷದ ಸಾರವನ್ನು ತಾನೇ ನಾಲಿಗೆಗೆ ಹಚ್ಚಿಕೊಂಡು ನೋಡಿದನು. ಈ ವಿಷ ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ ಎಂದು ಕಂಡುಕೊಂಡನು. ಅಷ್ಟಕ್ಕೆ ನಿಲ್ಲದೆ, ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಅಂಕೆಯಿಲ್ಲದೆ ಕುಣಿಯುವ ಅಂಗಗಳನ್ನು ಇದೇ ವಿಷ ಶಾಂತಗೊಳಿಸಬಹುದಲ್ಲವೆ ಎಂದು ಊಹಿಸಿದನು. ಆ ಊಹೆ ನಿಜವಾಗಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

೧೮೯೫ರಲ್ಲಿ ಬೆಲ್ಜಿಯಮ್ಮಿನ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದಿದ್ದ ಕಲಾವಿದರು ಉಪ್ಪು ಹಾಕಿಟ್ಟ ಹಂದಿಮಾಂಸವನ್ನು ತಿಂದು ಕಾಯಿಲೆ ಬಿದ್ದರು, ಮೂವರು ತೀರಿಕೊಂಡರು. ಆ ಮಾಂಸದಿಂದ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ರೋಗಾಣುವನ್ನು ಬೇರ್ಪಡಿಸಿದನು. ಸಾಸೇಜಿಗೆ ಲ್ಯಾಟಿನ್ನಿನಲ್ಲಿ ‘ಬಾಟ್ಯುಲಸ್’ ಎನ್ನುತ್ತಾರೆ. ಆ ಮಾತಿನಿಂದಲೇ ಅಣುವಿಗೂ ವಿಷಕ್ಕೂ ಹೆಸರು ಬಂದಿತು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್ ಈ ವಿಷವನ್ನು ಮೆಳ್ಳೆಗಣ್ಣಿನ ಚಿಕಿತ್ಸೆಗೆ ಬಳಸಲು ಯತ್ನಿಸಿದನು. ಮೊದಲು ಕೋತಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪ್ರಯೋಗಗಳಾದವು. ೧೯೮೯ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ಇದನ್ನು ಔಷಧವೆಂದು ಅಂಗೀಕರಿಸಿತು. ಜಗತ್ತು ಇಂದು ಇದನ್ನು ಬೋಟಾಕ್ಸ್ ಎಂಬ ಹೆಸರಿನಿಂದ ಬಲ್ಲುದು. ಮುಖದ ಸುಕ್ಕು ತೆಗೆಯುವ ಬಳಕೆಗೆ ಅಲ್ಲಿ ಒಪ್ಪಿಗೆ ದೊರೆತದ್ದು ೨೦೦೨ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಕುತ್ತಿಗೆ ತಿರುಚಿಕೊಳ್ಳುವ ಬೇನೆಗೆ ಅನುಮತಿ ಸಿಕ್ಕಿತ್ತು. ೨೦೧೦ರಲ್ಲಿ ತೋಳಿನ ಸ್ನಾಯುಗಳ ಸೆಡೆತಕ್ಕೂ, ಬಹುಕಾಲದ ಅರೆತಲೆನೋವಿಗೂ ಅನುಮತಿ ಬಂದಿತು.

ಈ ಮದ್ದಿನ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಸ ತುಂಬಿದ ಸೂಕ್ಷ್ಮ ಗುಳ್ಳೆಗಳಿವೆ. ಅವು ಒಡೆದು ಸ್ನಾಯುವನ್ನು ಮುಟ್ಟಿದಾಗ ಸ್ನಾಯು ಬಿಗಿಯುತ್ತದೆ. ಆ ಗುಳ್ಳೆಗಳು ಒಡೆಯಲು ಬೇಕಾದ ಒಂದು ಪ್ರೋಟೀನನ್ನು ವಿಷ ಕತ್ತರಿಸಿಹಾಕುತ್ತದೆ. ಆಜ್ಞೆ ತಲುಪದ ಸ್ನಾಯು ಸಡಿಲಾಗುತ್ತದೆ. ಆದರೆ ಈ ಸಡಿಲು ಶಾಶ್ವತವಲ್ಲ. ನರ ಮತ್ತೆ ಚೇತರಿಸಿಕೊಳ್ಳುತ್ತದೆ. ಸುಮಾರು ಮೂರು ತಿಂಗಳು ಕಳೆಯುವಷ್ಟರಲ್ಲಿ ಮದ್ದಿನ ಬಲ ಇಳಿಯುತ್ತದೆ, ಬೇನೆ ಹಿಂತಿರುಗುತ್ತದೆ. ಆದಕಾರಣ ಇದು ಒಮ್ಮೆ ಮಾಡಿ ಮುಗಿಸುವ ಚಿಕಿತ್ಸೆಯಲ್ಲ. ರೋಗಿ ವರ್ಷಕ್ಕೆ ನಾಲ್ಕು ಬಾರಿ ಸೂಜಿಯ ಮುಂದೆಯೂ, ನಾಲ್ಕು ಬಾರಿ ವಿಮಾ ಸಂಸ್ಥೆಯ ಮುಂದೆಯೂ ಕೂರಬೇಕು. ಮದ್ದೋ ಬಹಳ ಬೆಲೆಯುಳ್ಳದ್ದು. ಅನೇಕ ಕಡೆ ವೈದ್ಯನೇ ಮೊದಲು ಕೈಯಿಂದ ಹಣ ಹಾಕಿ ಅದನ್ನು ಕೊಂಡು, ಚುಚ್ಚಿದ ಮೇಲೆ ಬಿಲ್ಲು ಕಳುಹಿಸುತ್ತಾನೆ. ಬಿಲ್ಲು ತಿರಸ್ಕೃತವಾದರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಬಿಲ್ಲು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು: ಏಕೆ ಚುಚ್ಚಿದಿರಿ? ಎಲ್ಲಿ ಚುಚ್ಚಿದಿರಿ? ಎಷ್ಟು ಮದ್ದು ಚುಚ್ಚಿದಿರಿ? ಮೂರಕ್ಕೂ ಉತ್ತರ ಕೊಡಬೇಕಾದದ್ದು ಮಾತಿನಲ್ಲಲ್ಲ, ಸಂಕೇತಾಂಕಗಳಲ್ಲಿ. ಕೋಡಿಂಗ್ ಎಂದು ಕರೆಯುವ ಕಸುಬು ಇದೇ. ಮೂರು ಪ್ರಶ್ನೆಗಳಿಗೆ ಮೂರು ಬೇರೆ ಬೇರೆ ಕೋಶಗಳಿವೆ.

‘ಏಕೆ’ ಎಂಬುದರ ಕೋಶ ರೋಗಗಳದು. ಅದಕ್ಕೆ ದೀರ್ಘವಾದ ವಂಶಾವಳಿಯಿದೆ. ೧೮೯೩ರಲ್ಲಿ ಫ್ರಾನ್ಸಿನ ಜಾಕ್ ಬರ್ತಿಯೋಂ ಸಾವಿನ ಕಾರಣಗಳ ಪಟ್ಟಿಯೊಂದನ್ನು ಅಂತರರಾಷ್ಟ್ರೀಯ ವಿದ್ವಾಂಸರ ಮುಂದಿಟ್ಟನು. ೧೯೪೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪಟ್ಟಿಯ ಹೊಣೆಯನ್ನು ಹೊತ್ತುಕೊಂಡಿತು. ಅದರ ಹತ್ತನೆಯ ಪರಿಷ್ಕರಣವನ್ನು ಅಮೆರಿಕ ತನ್ನದೇ ರೀತಿಯಲ್ಲಿ ವಿಸ್ತರಿಸಿ ೨೦೧೫ರ ಅಕ್ಟೋಬರ್ ೧ರಿಂದ ಬಿಲ್ಲುಗಳಲ್ಲಿ ಬಳಸುತ್ತಿದೆ. ಸತ್ತವರನ್ನು ಎಣಿಸಲು ಹುಟ್ಟಿದ ಪಟ್ಟಿ ಬದುಕಿರುವವರ ಔಷಧವನ್ನು ನಿರ್ಣಯಿಸುವ ಪಟ್ಟಿಯಾಯಿತು.

ಈ ಕೋಶದ ಸೂಕ್ಷ್ಮತೆಗೆ ಒಂದು ಉದಾಹರಣೆ ಸಾಕು. ದೇಹದ ಒಂದು ಪಕ್ಕ ಸೆಡೆತು ನಿಂತ ಪಾರ್ಶ್ವವಾಯುವಿಗೆ ಜಿ-೮೧.೧ ಎಂಬ ಗುರುತು. ಆದರೆ ಅಷ್ಟರಿಂದ ಬಿಲ್ಲು ಪೂರ್ಣವಾಗದು. ಕೊನೆಗೆ ಇನ್ನೊಂದು ಅಂಕೆ ಬೇಕು. ಬಲಪಕ್ಕವೋ ಎಡಪಕ್ಕವೋ ಎಂಬುದರ ಜೊತೆಗೆ ಆ ಅಂಕೆ ಇನ್ನೊಂದು ಪ್ರಶ್ನೆ ಕೇಳುತ್ತದೆ: ಸೋತದ್ದು ರೋಗಿ ಬಳಸುತ್ತಿದ್ದ ಕೈಯೋ, ಮತ್ತೊಂದೋ? ಬಲಗೈ ಬಳಸುವವನ ಬಲಪಕ್ಕ ಸೆಡೆತರೆ ಜಿ-೮೧.೧೧, ಎಡಗೈ ಬಳಸುವವನ ಬಲಪಕ್ಕವಾದರೆ ಜಿ-೮೧.೧೩. ಇಷ್ಟೊಂದು ನಿರ್ದಯವಾಗಿ ಕಾಣುವ ಭಾಷೆ, ಈ ಮನುಷ್ಯ ಯಾವ ಕೈಯಿಂದ ಅನ್ನ ಉಣ್ಣುತ್ತಿದ್ದ, ಯಾವ ಕೈಯಿಂದ ಸಹಿ ಹಾಕುತ್ತಿದ್ದ ಎಂದು ವಿಚಾರಿಸುತ್ತದೆ! ವೈದ್ಯ ಅದನ್ನು ಬರೆಯಲು ಮರೆತಿದ್ದರೆ ಅದಕ್ಕೂ ನಿಯಮವುಂಟು: ಬಲಪಕ್ಕವಾದರೆ ಬಳಸುವ ಕೈ ಎಂದೂ, ಎಡಪಕ್ಕವಾದರೆ ಅಲ್ಲವೆಂದೂ ತಿಳಿಯತಕ್ಕದ್ದು. ಎಡಗೈಯವನೊಬ್ಬನ ಎಡಗೈ ಸೋತಿದ್ದು, ಟಿಪ್ಪಣಿ ಮೌನವಾಗಿದ್ದರೆ, ದಾಖಲೆಯಲ್ಲಿ ಅವನ ನಷ್ಟ ಚಿಕ್ಕದಾಗಿಬಿಡುತ್ತದೆ.

‘ಎಲ್ಲಿ’ ಎಂಬುದರ ಕೋಶ ವೈದ್ಯನ ಕೈಗೆಲಸದ್ದು. ಅಮೆರಿಕದ ವೈದ್ಯಸಂಘ ಇದನ್ನು ಮೊದಲು ಪ್ರಕಟಿಸಿದ್ದು ೧೯೬೬ರಲ್ಲಿ. ಇದರ ಎಣಿಕೆ ಲೋಕದ ಎಣಿಕೆಯಂತಲ್ಲ. ಬಹುಕಾಲದ ಅರೆತಲೆನೋವಿಗೆ, ಎಂದರೆ ತಿಂಗಳಿನಲ್ಲಿ ಹದಿನೈದು ದಿನಕ್ಕೆ ಕಡಮೆಯಿಲ್ಲದೆ ಕಾಡುವ ತಲೆನೋವಿಗೆ, ಹಣೆ, ಕಣತಲೆ, ಹಿಂದಲೆ, ಕುತ್ತಿಗೆ, ಭುಜಗಳ ಏಳು ಸ್ನಾಯುಪ್ರದೇಶಗಳಲ್ಲಿ ೩೧ ಕಡೆ ಚುಚ್ಚಬೇಕು. ರೋಗಿಯ ಚರ್ಮ ಮೂವತ್ತೊಂದನ್ನೂ ಎಣಿಸುತ್ತದೆ. ಬಿಲ್ಲಿನಲ್ಲಿ ಅದು ೬೪೬೧೫ ಎಂಬ ಒಂದೇ ಸಂಕೇತಾಂಕ, ಒಂದೇ ಬಾರಿ. ಎರಡು ಪಕ್ಕವೆಂಬುದು ಅದರೊಳಗೇ ಅಡಕವಾಗಿದೆ. ಮತ್ತೆ ಎರಡು ಪಟ್ಟು ಕೇಳುವಂತಿಲ್ಲ. ಕುತ್ತಿಗೆ ತಿರುಚಿಕೊಂಡ ಬೇನೆಯ ೬೪೬೧೬ ಮಾತ್ರ ಒಂದೇ ಪಕ್ಕದ್ದು. ಎರಡೂ ಪಕ್ಕ ಚುಚ್ಚಿದ್ದರೆ ಹಾಗೆಂದು ಬೇರೆಯಾಗಿ ಸೂಚಿಸಬೇಕು. ಕೈಕಾಲುಗಳ ಲೆಕ್ಕ ಮತ್ತೂ ಬೇರೆ. ಅಲ್ಲಿ ಚುಚ್ಚಿದ ತಾಣಗಳನ್ನಲ್ಲ, ಅಂಗಗಳನ್ನೂ ಸ್ನಾಯುಗಳನ್ನೂ ಎಣಿಸುತ್ತಾರೆ. ಲಕ್ವ ಹೊಡೆದವನ ತೋಳಿನಲ್ಲಿ ಐದು ಸ್ನಾಯು, ಕಾಲಿನಲ್ಲಿ ಮೂರು ಸ್ನಾಯುಗಳಿಗೆ ಮದ್ದು ಕೊಟ್ಟರೆ, ತೋಳಿಗೆ ೬೪೬೪೪, ಜೊತೆಯ ಕಾಲಿಗೆ ೬೪೬೪೩. ಒಂದು ಸ್ನಾಯುವಿಗೆ ಹತ್ತು ಕಡೆ ಚುಚ್ಚಿದರೂ ಅದು ಒಂದೇ ಸ್ನಾಯು.

‘ಎಷ್ಟು’ ಎಂಬ ಮೂರನೆಯ ಪ್ರಶ್ನೆಯಲ್ಲಿ ಅಪಾಯ ಹೆಚ್ಚು. ಬಾಟ್ಯುಲಿನಮ್ ಮದ್ದನ್ನು ‘ಯೂನಿಟ್’ ಎಂಬ ಮಾನದಿಂದ ಅಳೆಯುತ್ತಾರೆ. ಆದರೆ ಒಂದು ತಯಾರಿಕೆಯ ಯೂನಿಟ್ಟು ಇನ್ನೊಂದರ ಯೂನಿಟ್ಟಿಗೆ ಸಮವಲ್ಲ; ಹಳೆಯ ಕಾಲದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದದಿದ್ದ ಹಾಗೆ. ಬಿಲ್ಲಿನ ಅಳತೆಯೂ ಒಂದೊಂದಕ್ಕೆ ಒಂದೊಂದು ಬಗೆ. ಬೋಟಾಕ್ಸಿನ ಗುರುತಾದ ಜೆ-೦೫೮೫ ಒಂದು ಯೂನಿಟ್ಟನ್ನು ಒಂದೆಂದೇ ಎಣಿಸುತ್ತದೆ. ಡಿಸ್ಪೋರ್ಟ್ ಎಂಬುದರ ಜೆ-೦೫೮೬ ಐದು ಯೂನಿಟ್ಟನ್ನು ಒಂದೆನ್ನುತ್ತದೆ. ಮಯೋಬ್ಲಾಕ್ ಎಂಬುದರ ಜೆ-೦೫೮೭ ನೂರು ಯೂನಿಟ್ಟನ್ನು ಒಂದೆನ್ನುತ್ತದೆ. ಐನೂರು ಯೂನಿಟ್ ಡಿಸ್ಪೋರ್ಟ್ ಚುಚ್ಚಿದ ಗುಮಾಸ್ತೆಯ ಲೆಕ್ಕದಲ್ಲಿ ಬರಬೇಕಾದ ಸಂಖ್ಯೆ ೧೦೦. ಅರಿಯದೆ ೫೦೦ ಎಂದು ಬರೆದರೆ ಐದು ಪಟ್ಟು ಹಣ ಕೇಳಿದಂತಾಯಿತು. ಅಪರಾಧದ ಬುದ್ಧಿ ಇರದಿದ್ದರೂ ಕಾಗದದ ಮೇಲೆ ಅದು ಅಪರಾಧದಂತೆಯೇ ಕಾಣುತ್ತದೆ.

ಇನ್ನು ಉಳಿಕೆಯ ಲೆಕ್ಕ. ಅರೆತಲೆನೋವಿಗೆ ಒಂದು ತಾಣಕ್ಕೆ ೫ ಯೂನಿಟ್ಟಿನಂತೆ ೩೧ ತಾಣಕ್ಕೆ ೧೫೫ ಯೂನಿಟ್. ಕೆರ್ನರ್ ತನ್ನ ಗ್ರಂಥದಲ್ಲಿ ವಿವರಿಸಿದ ರೋಗಿಗಳ ಸಂಖ್ಯೆಯೂ ಅಷ್ಟೇ ಆಗಿದ್ದುದು ಕೇವಲ ಕಾಕತಾಳೀಯ. ಸೀಸೆಗಳಲ್ಲಿ ಸಿಗುವುದು ನೂರು ಅಥವಾ ಇನ್ನೂರು ಯೂನಿಟ್. ಇನ್ನೂರರ ಸೀಸೆಯಿಂದ ೧೫೫ ತೆಗೆದ ಮೇಲೆ ಉಳಿಯುವ ೪೫ ಯೂನಿಟ್ಟನ್ನು ಇನ್ನೊಬ್ಬನಿಗಾಗಿ ಕಾಪಿಡುವಂತಿಲ್ಲ. ನೀರು ಬೆರೆಸಿದ ಮದ್ದಿಗೆ ಒಂದು ದಿನದ ಆಯುಸ್ಸು. ಹೀಗೆ ಚೆಲ್ಲಿದ್ದಕ್ಕೂ ಸರ್ಕಾರ ಹಣ ಕೊಡುತ್ತದೆ, ಆದರೆ ಚೆಲ್ಲಿದೆನೆಂದು ಒಪ್ಪಿ ಬರೆದರೆ ಮಾತ್ರ. ವೃದ್ಧರಿಗೂ ಅಂಗವಿಕಲರಿಗೂ ಇರುವ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಲ್ಲಿ ೨೦೧೭ರ ಜನವರಿ ೧ರಿಂದ ಚೆಲ್ಲಿದ ಭಾಗವನ್ನು ‘ಜೆಡಬ್ಲ್ಯು’ ಎಂಬ ಗುರುತಿನೊಡನೆ ಬೇರೆ ಸಾಲಿನಲ್ಲಿ ತೋರಿಸುವುದು ಕಡ್ಡಾಯವಾಯಿತು. ೨೦೨೩ರ ಜುಲೈ ೧ರಿಂದ ಏನನ್ನೂ ಚೆಲ್ಲಲಿಲ್ಲವೆಂಬುದನ್ನೂ ‘ಜೆಝಡ್’ ಎಂಬ ಗುರುತಿನಿಂದ ಹೇಳಬೇಕಾಗಿದೆ. ಮೌನಕ್ಕೆ ಇಲ್ಲಿ ಎಡೆಯಿಲ್ಲ. ಇಲ್ಲವೆಂಬುದನ್ನು ಸಹ ಬರೆದೇ ತೋರಿಸಬೇಕು. ಸೀಸೆಗಳನ್ನು ಬೇಕೆಂದೇ ದೊಡ್ಡದಾಗಿ ಮಾಡಿ ಪೋಲಿನ ಹಣ ಪಡೆಯುವುದನ್ನು ತಡೆಯಲು ೨೦೨೧ರಲ್ಲಿ ಅಮೆರಿಕ ಒಂದು ಕಾನೂನನ್ನೂ ಮಾಡಿತು. ಒಂದೇ ಬಾರಿ ಬಳಸುವ ಸೀಸೆಗಳ ಔಷಧದಲ್ಲಿ ಪೋಲಾದ ಭಾಗ ಮಿತಿ ಮೀರಿದರೆ ತಯಾರಕರೇ ಹಣ ಹಿಂದಿರುಗಿಸಬೇಕು.

ಇಷ್ಟೆಲ್ಲ ಅಂಕೆಗಳ ಬೇರು ಒಂದೇ ಕಡೆ ಇದೆ: ವೈದ್ಯ ಚುಚ್ಚಿದ ಮೇಲೆ ಬರೆದಿಡುವ ಟಿಪ್ಪಣಿಯಲ್ಲಿ. ಕೋಡರ್ ಎನಿಸಿಕೊಂಡವನು ರೋಗಿಯನ್ನು ಕಾಣುವುದಿಲ್ಲ. ಕಾಣುವುದು ಆ ಟಿಪ್ಪಣಿಯನ್ನು. ಬರೆಯದಿದ್ದುದು ನಡೆಯಲೇ ಇಲ್ಲ ಎಂಬುದು ಈ ಕಸುಬಿನವರ ಮೊದಲ ಪಾಠ. ‘ಎಂದಿನಂತೆ ತೋಳಿಗೆ ಮದ್ದು ಕೊಡಲಾಯಿತು, ರೋಗಿ ಸಹಿಸಿಕೊಂಡನು’ ಎಂಬ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಿಂದ ಒಂದು ಅಂಕೆಯೂ ಹೊರಡಲಾರದು. ಯಾವ ತೋಳು, ಯಾವ ಯಾವ ಸ್ನಾಯು, ಒಂದೊಂದಕ್ಕೆ ಎಷ್ಟು ಯೂನಿಟ್, ಸ್ನಾಯುವನ್ನು ಗುರುತಿಸಲು ವಿದ್ಯುತ್ ಯಂತ್ರದ ನೆರವು ಪಡೆದರೋ ಇಲ್ಲವೋ, ಎಷ್ಟು ಚೆಲ್ಲಿದರು, ಹಿಂದಿನ ಬಾರಿಯ ಮದ್ದಿನಿಂದ ಏನು ಉಪಕಾರವಾಯಿತು? ಇವು ಬರೆದಿದ್ದರೆ ಬಿಲ್ಲು ನಿಲ್ಲುತ್ತದೆ. ಸೋಜಿಗವೆಂದರೆ, ಹಣಕ್ಕಾಗಿ ಬೇಕಾದ ಇದೇ ವಿವರಗಳು ಚಿಕಿತ್ಸೆಗೂ ಬೇಕು. ಕಳೆದ ಬಾರಿ ಮುಂಗೈಯ ಯಾವ ಸ್ನಾಯುವಿಗೆ ಎಷ್ಟು ಕೊಟ್ಟದ್ದರಿಂದ ಬೆರಳು ಬಿಚ್ಚಿಕೊಂಡಿತು, ಎಷ್ಟು ಹೆಚ್ಚಾದದ್ದರಿಂದ ಹಿಡಿತವೇ ಹೋಯಿತು ಎಂಬುದು ತಿಳಿಯದೆ ಈ ಬಾರಿ ಚುಚ್ಚುವುದೆಂತು? ಸಂಕೇತಾಂಕಕ್ಕಾಗಿ ಬರೆದ ಒಳ್ಳೆಯ ವಾಕ್ಯ ರೋಗಿಗಾಗಿ ಬರೆದ ವಾಕ್ಯವೂ ಆಗುತ್ತದೆ.

ಹಾಗೆಂದು ಈ ವ್ಯವಸ್ಥೆ ನ್ಯಾಯದ ತಕ್ಕಡಿಯೆಂದು ಯಾರೂ ಭ್ರಮಿಸಬೇಕಾಗಿಲ್ಲ. ಬೇರೆ ಔಷಧಗಳನ್ನು ಕೊಟ್ಟು ನೋಡಿ ಅವು ಸೋತುವೆಂದು ತೋರಿಸಿದ ಹೊರತು ಅನೇಕ ವಿಮಾ ಸಂಸ್ಥೆಗಳು ಅರೆತಲೆನೋವಿನ ಸೂಜಿಗೆ ಒಪ್ಪುವುದಿಲ್ಲ. ಹಿಂದಿನ ಸೂಜಿಗೂ ಈಗಿನದಕ್ಕೂ ಹನ್ನೆರಡು ವಾರ, ಎಂದರೆ ೮೪ ದಿನ, ತುಂಬಿರಬೇಕೆಂಬುದು ಸಾಮಾನ್ಯವಾದ ನಿಯಮ. ಹತ್ತನೆಯ ವಾರದಲ್ಲಿಯೇ ನೋವು ಮರಳಿದರೆ ಪಂಚಾಂಗ ಅದನ್ನು ಕೇಳುವುದಿಲ್ಲ. ೨೦೨೦ರ ಜುಲೈಯಿಂದ ಮೆಡಿಕೇರ್ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕೆಲವು ಚಿಕಿತ್ಸೆಗಳಿಗೆ ಪೂರ್ವಾನುಮತಿ ಬೇಕೆಂದಿತು. ರೆಪ್ಪೆಯ ಶಸ್ತ್ರಕ್ರಿಯೆ, ಮೂಗಿನ ತಿದ್ದುಪಡಿ, ಹೊಟ್ಟೆಯ ಜೋಲು ಚರ್ಮ ತೆಗೆಯುವುದು ಮುಂತಾದುವುಗಳ ಜೊತೆಗೆ ಬಾಟ್ಯುಲಿನಮ್ ಸೂಜಿಯೂ ಆ ಪಟ್ಟಿಯಲ್ಲಿ ಸೇರಿತು. ಅಂದಕ್ಕಾಗಿ ಬಳಸುವವರಿರುವ ಮದ್ದೆಂಬ ಒಂದೇ ಕಾರಣದಿಂದ, ಕಣ್ಣು ತೆರೆಯಲಾಗದ ರೋಗಿಯೂ ತಾನು ಅಂದಕ್ಕಾಗಿ ಬಂದವನಲ್ಲವೆಂದು ಕಾಗದದ ಮೇಲೆ ರುಜುವಾತು ಮಾಡಬೇಕಾಯಿತು.

ಸಂಶಯಕ್ಕೆ ಕಾರಣವೇ ಇಲ್ಲವೆನ್ನಲೂ ಆಗದು. ೨೦೧೦ರ ಸೆಪ್ಟೆಂಬರಿನಲ್ಲಿ ಬೋಟಾಕ್ಸಿನ ತಯಾರಕರಾದ ಅಲರ್ಗನ್ ಸಂಸ್ಥೆಯವರು, ಆಗ ಅನುಮತಿಯಿಲ್ಲದಿದ್ದ ತಲೆನೋವು, ಸೆಡೆತ ಮುಂತಾದ ಬಳಕೆಗಳಿಗೆ ಮದ್ದನ್ನು ಪ್ರಚಾರ ಮಾಡಿದ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡು, ೬೦ ಕೋಟಿ ಡಾಲರು ತೆರಲು ಒಪ್ಪಿದರು. ಸರ್ಕಾರ ಹೊರಿಸಿದ್ದ ಸಿವಿಲ್ ಆರೋಪಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು: ಹಣ ಬರುವಂತೆ ತಪ್ಪು ಸಂಕೇತಾಂಕಗಳನ್ನು ಹಾಕಲು ವೈದ್ಯರಿಗೆ ಹೇಳಿಕೊಟ್ಟರು ಎಂಬುದು. ತಲೆನೋವಿಗೆ ಚುಚ್ಚಿ ಬೇರೊಂದು ಬೇನೆಯ ಅಂಕೆಯನ್ನು ಬರೆದರೆ ಹಣವೇನೋ ಬಂದೀತು. ಆದರೆ ಆ ರೋಗಿಯ ದಾಖಲೆಯಲ್ಲಿ ಅವನಿಗಿಲ್ಲದ ಕಾಯಿಲೆಯೊಂದು ಸೇರಿಕೊಳ್ಳುತ್ತದೆ. ಅಂಕೆಗೆ ಭಾವವಿಲ್ಲದಿರಬಹುದು, ಸುಳ್ಳು ಹೇಳುವ ಶಕ್ತಿ ಮಾತ್ರ ಚೆನ್ನಾಗಿಯೇ ಇದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಬಹುಕಾಲದ ಅರೆತಲೆನೋವಿಗೆ ಅನುಮತಿ ಬಂದಿತು. ಅದಕ್ಕೆ ತನ್ನದೇ ಆದ ೬೪೬೧೫ ದೊರೆತದ್ದು ೨೦೧೩ರಲ್ಲಿ. ಹೆಸರಿಲ್ಲದ ನೋವು ಅಷ್ಟು ದಿನವೂ ಇನ್ನೊಂದರ ಹೆಸರಿನ ಆಸರೆಯಲ್ಲಿಯೇ ಇರಬೇಕಾಯಿತು.

ಹೆಸರಿಡುವುದರಲ್ಲಿಯೇ ತಪ್ಪುವುದೂ ಉಂಟು. ಬರೆಯಲು ಕುಳಿತೊಡನೆ ಬೆರಳುಗಳು ಸೆಟೆದು ಲೇಖನಿ ನಿಲ್ಲುವ ಬೇನೆಯೊಂದಿದೆ. ಬರಹಗಾರರ ಸೆಳೆತವೆಂದು ಅದಕ್ಕೆ ಹೆಸರು. ಇಂದಿನ ವೈದ್ಯರು ಅದನ್ನು ಮಿದುಳು ನರಗಳ ತೊಂದರೆಯೆಂದು ತಿಳಿಯುತ್ತಾರೆ. ಬಾಟ್ಯುಲಿನಮ್ ಸೂಜಿಯಿಂದ ಅನೇಕರಿಗೆ ಉಪಶಮನವಾಗುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ಪರಿಷ್ಕರಣದಲ್ಲಿ ಅದನ್ನು ಎಫ್-೪೮.೮ ಎಂಬ ಗುರುತಿನಡಿ, ಮನೋರೋಗಗಳ ಅಧ್ಯಾಯದಲ್ಲಿ ಇಟ್ಟಿದ್ದರು. ಕೈಯ ಬೇನೆಯೆಂದು ಬಂದವನಿಗೆ ಮನಸ್ಸಿನ ಬೇನೆಯೆಂದು ಅಂಕೆ ಹಾಕಿದರೆ, ಅವನ ದುಃಖದ ಅರ್ಥವೇ ಬದಲಾಗುವುದಿಲ್ಲವೆ? ಸಂಗೀತಗಾರ ರಾಬರ್ಟ್ ಶೂಮನ್ನನ ಬಲಗೈ ಬೆರಳು ಕೈಕೊಟ್ಟು, ಅವನು ಪಿಯಾನೊ ವಾದಕನಾಗುವ ಆಸೆ ಬಿಡಬೇಕಾಯಿತು. ಅದೂ ಇಂತಹ ನರದ ಬೇನೆಯೇ ಆಗಿದ್ದಿರಬೇಕೆಂದು ಕೆಲವು ವೈದ್ಯರ ಮತ. ಅದೇ ಶೂಮನ್ ೧೮೪೦ರಲ್ಲಿ ಕೆರ್ನರನ ಹನ್ನೆರಡು ಕವಿತೆಗಳಿಗೆ ರಾಗ ಹಾಕಿದನು. ಕವಿ ಊಹಿಸಿದ ಮದ್ದು ಸಂಗೀತಗಾರನ ಕಾಲಕ್ಕೆ ಬರಲಿಲ್ಲ.

ಇದೆಲ್ಲ ದೂರದ ದೇಶದ ಮಾತೆಂದು ತೋರಬಹುದು. ಆದರೆ ಅಮೆರಿಕದ ಆಸ್ಪತ್ರೆಗಳ ಕೋಡಿಂಗ್ ಕೆಲಸದ ಒಂದು ಪಾಲು ಈಗ ನಡೆಯುವುದು ಭಾರತದ ನಗರಗಳಲ್ಲಿ, ಬೆಂಗಳೂರು ಅವುಗಳಲ್ಲೊಂದು. ಜೀವಶಾಸ್ತ್ರವನ್ನೋ ಔಷಧಶಾಸ್ತ್ರವನ್ನೋ ಓದಿದ ನಮ್ಮ ತರುಣ ತರುಣಿಯರು ಪರೀಕ್ಷೆ ಕಟ್ಟಿ, ಸ್ನಾಯುಗಳ ಹೆಸರುಗಳನ್ನು ಬಾಯಿಪಾಠ ಮಾಡಿ, ಎಂದೂ ಕಾಣದ ಮನುಷ್ಯರ ಕುತ್ತಿಗೆ ಮುಂಗೈಗಳ ವೃತ್ತಾಂತವನ್ನು ಪರದೆಯ ಮೇಲೆ ಓದುತ್ತಾರೆ. ದಿನಕ್ಕೆ ಇಷ್ಟು ಕಡತ ಮುಗಿಯಬೇಕೆಂಬ ಒತ್ತಡ ಒಂದು ಕಡೆ; ತಪ್ಪಿದರೆ ಅಂಕ ಕಳೆಯುವ ತಪಾಸಣೆ ಇನ್ನೊಂದು ಕಡೆ. ಜನ ಇದನ್ನು ಗುಮಾಸ್ತೆಯ ಕೆಲಸವೆಂದು ತಾತ್ಸಾರ ಮಾಡುವುದುಂಟು. ವಾಸ್ತವವಾಗಿ ಇದು ಅನುವಾದಕನ ಕೆಲಸ. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದುದನ್ನು ಬಿಡುವಂತಿಲ್ಲ. ಸಂಶಯ ಬಂದರೆ ಊಹಿಸದೆ, ಬರೆದವನನ್ನೇ ಕೇಳಬೇಕು. ಒಳ್ಳೆಯ ಕೋಡರ್ ವೈದ್ಯನಿಗೆ ‘ಎಡವೋ ಬಲವೋ ತಿಳಿಸಿ’ ಎಂದು ಬರೆದು ಕೇಳಿದಾಗ, ಅವನು ಸಂಸ್ಥೆಯ ಹಣವನ್ನು ಕಾಯುವಂತೆ ಕಂಡರೂ, ಕಾಯುತ್ತಿರುವುದು ಒಬ್ಬ ರೋಗಿಯ ಮುಂದಿನ ಸರದಿಯನ್ನು.

ನೋವನ್ನು ಅಂಕೆಯಾಗಿ ಮಾಡುವುದರಲ್ಲಿ ಏನೋ ಕಳೆದುಹೋಗುತ್ತದೆಂಬುದು ನಿಜ. ಮೂವತ್ತೊಂದು ಚುಚ್ಚುಗಳ ಉರಿಗೆ, ತಲೆನೋವಿಲ್ಲದ ಮೊದಲ ಬೆಳಗಿನ ಹಗುರಕ್ಕೆ, ಎಂಬತ್ತನೆಯ ದಿನದ ಭಯಕ್ಕೆ ಯಾವ ಕೋಶದಲ್ಲಿಯೂ ಸಂಕೇತಾಂಕವಿಲ್ಲ. ಇರಬೇಕೆಂದು ಬಯಸುವುದೂ ಬೇಡ. ಆದರೆ ಅಂಕೆಗೆ ಮುಂಚೆ ಒಂದು ವಾಕ್ಯವಿರುತ್ತದೆ. ಆ ವಾಕ್ಯವನ್ನು ಬರೆಯುವವನು ಮನುಷ್ಯ, ಓದುವವನೂ ಮನುಷ್ಯ. ಅದು ಸ್ಪಷ್ಟವಾಗಿಯೂ ಪ್ರಾಮಾಣಿಕವಾಗಿಯೂ ಇದ್ದರೆ ಅದರಿಂದ ಹುಟ್ಟುವ ಅಂಕೆಗೂ ಆ ಗುಣ ಬರುತ್ತದೆ. ಶಾಲೆಗಳಲ್ಲಿ ಭಾಷೆಯನ್ನು ಕಲಿಸುವವರು, ಕಂಡದ್ದನ್ನು ಕಂಡಂತೆ, ಬಿಡದೆ, ಬೆರೆಸದೆ ಬರೆಯಿರಿ ಎಂದು ಮಕ್ಕಳಿಗೆ ಹೇಳುವ ಮಾತು ಎಲ್ಲಿ ಹೋಗಿ ಫಲ ಕೊಡುತ್ತದೆಂದು ಯಾರು ಬಲ್ಲರು? ಯಾವುದೋ ಊರಿನಲ್ಲಿ ಯಾರೋ ಒಬ್ಬರು ಮೂರು ತಿಂಗಳ ಮಟ್ಟಿಗೆ ತಲೆಯೆತ್ತಿ ನೇರವಾಗಿ ನೋಡುವುದಕ್ಕೆ ಅದು ಕಾರಣವಾಗಬಹುದು.